ಫ್ರೆಂಚರ ‘ಬೇಕು’, ನಮ್ಮ ‘ಬೇಕು’

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಸೆಣಬಿನ ಗಿರಣಿಯ ಗುಮಾಸ್ತನಿಗೂ ಫ್ರೆಂಚ್ ಭಾಷೆಗೂ ಎಲ್ಲಿಯ ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಬಹಳ ದೂರದ್ದೇನಲ್ಲ. ಹೌರಾದಲ್ಲಿ ಬರ್ಧಮಾನದ ಕಡೆಯ ಲೋಕಲ್ ಗಾಡಿ ಹತ್ತಿದರೆ ಸುಮಾರು ಒಂದು ಗಂಟೆಗೆ ಚಂದನನಗರ ಬರುತ್ತದೆ. ಆ ಊರು 1950ರ ಮೇ ತಿಂಗಳವರೆಗೆ ಫ್ರೆಂಚರ ಆಡಳಿತದಲ್ಲಿತ್ತು. 1949ರಲ್ಲಿ ಅಲ್ಲಿಯ ಜನರನ್ನು ‘ನಿಮಗೆ ಯಾರು ಬೇಕು?’ ಎಂದು ಮತದ ಮೂಲಕ ಕೇಳಿದಾಗ ಬಹುಪಾಲು ಜನ ಭಾರತವೇ ಬೇಕೆಂದರು. 1954ರ ಅಕ್ಟೋಬರ್ 2ರಂದು ಅದು ಪಶ್ಚಿಮ ಬಂಗಾಳಕ್ಕೆ ಸೇರಿತು. ನದಿಯ ದಡದಲ್ಲಿರುವ ಡೂಪ್ಲೆಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಭಾನುವಾರ ಹೋಗಿ ನೋಡಿ ಬರಬಹುದು.

ನಮ್ಮ ನಾಡಿಗೂ ಫ್ರೆಂಚರ ಸಂಬಂಧ ಹಳೆಯದೇ. ಮಂಡ್ಯದ ಕಡೆಯವರು ಇಲ್ಲಿದ್ದರೆ ಬಲ್ಲರು, ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂದೇ ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರು. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೆಯ ಲೂಯಿ ದೊರೆಯನ್ನು ಕಂಡರು. ಬೇಕಾಗಿದ್ದುದು ಸೈನ್ಯದ ನೆರವು. ದೊರೆತದ್ದು ಉಪಚಾರ, ಉಡುಗೊರೆ, ಕೆಲವರು ಕುಶಲಕರ್ಮಿಗಳು. ಆಗ ಫ್ರೆಂಚರ ಬೊಕ್ಕಸವೇ ಬರಿದಾಗಿತ್ತು, ಆದ್ದರಿಂದ ತಪ್ಪು ಕೇಳಿದವರ ಭಾಷೆಯದಲ್ಲ.

ಇನ್ನು ನಮ್ಮ ಕಸುಬಿನ ಮಾತು. ಕೋಕೋ ಬೀಜವನ್ನು ತುಂಬುವುದು ಸೆಣಬಿನ ಚೀಲದಲ್ಲಿ. ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಕೋಕೋ ಬೆಳೆಯುವ ಐವರಿ ಕೋಸ್ಟ್ ದೇಶದ ಸರ್ಕಾರಿ ಭಾಷೆ ಫ್ರೆಂಚ್. ಚೀಲ ಬೇಕೆಂದು ಆ ಕಡೆಯಿಂದ ಬರುವ ಕಾಗದ ಯಾವ ಭಾಷೆಯಲ್ಲಿರುತ್ತದೆಂದು ಬೇರೆ ಹೇಳಬೇಕೆ?

ಆದರೆ ಈ ವಿಷಯವನ್ನು ನಾನು ಆರಿಸಿಕೊಂಡದ್ದು ಚೀಲಕ್ಕಾಗಿ ಅಲ್ಲ. ನಮ್ಮವರು ಪರಸ್ಥಳಕ್ಕೆ ಬಂದರೆ ಮೊದಲು ಕಲಿಯುವುದು ವಸ್ತುಗಳ ಹೆಸರು. ಅನ್ನ, ನೀರು, ಟಿಕೇಟು, ರಜೆ. ಬೇಕೆಂದು ಕೇಳುವ ಬಗೆ ಮಾತ್ರ ಬಹಳ ದಿನ ಬರುವುದೇ ಇಲ್ಲ. ಧಾರವಾಡದ ಕಡೆಯ ಹುಡುಗನೊಬ್ಬ, ತಾಯಿಗೆ ಕಾಯಿಲೆಯೆಂದು ಊರಿನಿಂದ ಫೋನು ಬಂದಾಗ, ಮೇಲಿನವರ ಮುಂದೆ ನಿಂತು ‘ಛುಟಿ, ಛುಟಿ’ ಎಂದನಂತೆ. ಅವರು ‘ಇವತ್ತು ಯಾವ ರಜೆಯೂ ಇಲ್ಲವಲ್ಲ’ ಎಂದು ಕಳಿಸಿಬಿಟ್ಟರು. ಹುಡುಗ ಸುಮ್ಮನೆ ಬಂದು ಕೆಲಸಕ್ಕೆ ನಿಂತ. ಎರಡು ದಿನದ ಮೇಲೆ ಯಾರೋ ‘ಆಮಾರ್ ಛುಟಿ ದೊರ್ಕಾರ್’, ಅಂದರೆ ನನಗೆ ರಜೆ ಬೇಕಾಗಿದೆ, ಎಂದು ಹೇಳಿಕೊಟ್ಟರು; ರಜೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ಆ ಎರಡು ದಿನಗಳ ಬೆಲೆ ಏನೆಂದು ಮನೆ ಬಿಟ್ಟು ಬಂದವರಿಗೆ ನಾನು ವಿವರಿಸಬೇಕಾಗಿಲ್ಲ.

ಈಗ ಫ್ರೆಂಚಿಗೆ ಬರೋಣ. ಪುಸ್ತಕದಲ್ಲಿ ಮೊದಲು ಸಿಗುವ ಮಾತು ‘ಝ ವೊ’. ‘ನನಗೆ ಬೇಕು’ ಎಂದು ಅರ್ಥ ಬರೆದಿರುತ್ತಾರೆ. ಅದರ ನಿಜವಾದ ಧಾಟಿ ‘ನಾನು ಬಯಸುತ್ತೇನೆ, ಕೊಡು’ ಎಂಬಷ್ಟು ಗಡುಸು. ಅಂಗಡಿಯಲ್ಲಿ, ಆಫೀಸಿನಲ್ಲಿ ಇದನ್ನು ಬಳಸಿದರೆ ಎದುರಿನವನ ಹುಬ್ಬು ಮೇಲೇರುತ್ತದೆ. ಅಲ್ಲಿ ಹೇಳಬೇಕಾದದ್ದು ‘ಝ ವುದ್ರೆ’. ‘ಝ ವುದ್ರೆ ಅಂ ಕಫೆ’ ಎಂದರೆ ಒಂದು ಕಾಫಿ ಬೇಕಾಗಿತ್ತು ಎಂದಂತೆ. ಗಮನಿಸಿ, ಕಾಫಿ ಬೇಕಾಗಿರುವುದು ಈಗಲೇ. ಆದರೂ ನಾವು ‘ಬೇಕಾಗಿತ್ತು’ ಎನ್ನುತ್ತೇವೆ. ದೊಡ್ಡವರ ಮುಂದೆ ‘ಒಂದು ದಿನ ರಜೆ ಬೇಕಾಗಿತ್ತು ಸಾರ್’ ಎನ್ನುವಾಗ ಬೇಡಿಕೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತೇವೆ. ಫ್ರೆಂಚರೂ ಹಾಗೆಯೇ ಭೂತಕಾಲದಲ್ಲಿ ‘ಝ ವುಲೆ’ ಎನ್ನುವುದುಂಟು. ವ್ಯಾಕರಣ ಬೇರೆಯಾದರೂ ಸಂಕೋಚ ಒಂದೇ.

ಕನ್ನಡಿಗನಿಗೆ ಎಲ್ಲಕ್ಕಿಂತ ಸುಲಭವಾದದ್ದು ‘ಈಲ್ ಮ ಫೋ’. ಇಂಗ್ಲಿಷಿನ ದಾರಿಯಿಂದ ಬಂದವರು ಇದರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ. ಇಲ್ಲಿ ‘ಮ’ ಎಂದರೆ ನನಗೆ, ‘ಫೋ’ ಎಂದರೆ ಬೇಕು. ಮೊದಲಿನ ‘ಈಲ್’ ಬರಿಯ ಊರುಗೋಲು. ‘ನಾನು’ ಎಂಬ ಕರ್ತೃವೇ ಇಲ್ಲ, ನಮ್ಮ ಭಾಷೆಯಲ್ಲಿ ಇರುವಂತೆಯೇ! ‘ಈಲ್ ನು ಫೋ ಸಾಂ ಸಾಕ್’ ಎಂದರೆ ನಮಗೆ 100 ಚೀಲ ಬೇಕು. (ಅವರ ‘ಸಾಕ್’ ಎಂದರೆ ಚೀಲ. ನಮ್ಮ ‘ಸಾಕು’ ಎಂದು ತಿಳಿದರೆ ವ್ಯಾಪಾರವೇ ನಿಂತೀತು.) ಕಾಗದದಲ್ಲಿ ‘ಈಲ್ ನು ಫೋ’ ಎಂದಿದ್ದರೆ ಆಶೆಯಲ್ಲ, ಅವಶ್ಯಕತೆ ಎಂದು ತಿಳಿಯಬೇಕು. ಬಂಗಾಳಿಯಲ್ಲಿ ‘ಆಮಾರ್ ಲಾಗ್ಬೆ’ ಎಂಬುದು ಇದರ ನೆರೆಯದು. ಅಲ್ಲಿ ‘ನನಗೆ’ ಎಂಬುದರ ಬದಲು ‘ನನ್ನ’ ಎನ್ನುತ್ತಾರೆ. ಕನ್ನಡದಿಂದ ನೇರವಾಗಿ ‘ಆಮಾಕೆ ಲಾಗ್ಬೆ’ ಎಂದು ಕಟ್ಟಬಾರದು.

ಮನಸ್ಸಿನ ಆಶೆಗೆ ಬೇರೆ ಮಾತಿದೆ: ‘ಝೆ ಆಂವೀ ದ’. ನಿದ್ದೆ ಮಾಡಬೇಕೆನಿಸಿದೆ, ಊರಿಗೆ ಹೋಗಬೇಕೆನಿಸಿದೆ ಎನ್ನುವುದೆಲ್ಲ ಇದರಲ್ಲಿ ಬರುತ್ತದೆ.

ಉಚ್ಚಾರಣೆಯ ವಿಷಯ. ನಾನು ‘ಝ’ ಎಂದು ಬರೆದದ್ದು ನಮ್ಮ ಮಹಾಪ್ರಾಣವಲ್ಲ. ‘ಟೆಲಿವಿಷನ್’ ಎನ್ನುವಾಗ ಇಂಗ್ಲಿಷರು ನಡುವೆ ಹೊರಡಿಸುವ ಧ್ವನಿ. ‘ವೊ’ ಎನ್ನಲು ತುಟಿಯನ್ನು ‘ಒ’ ಎಂಬಂತೆ ದುಂಡಗೆ ಮಾಡಿ ಒಳಗೆ ‘ಎ’ ಎನ್ನಬೇಕು. ಬರೆಯುವಾಗ ಆ ಪದದ ಕೊನೆಗೆ ಒಂದು ಎಕ್ಸ್ ಅಕ್ಷರ ಇರುತ್ತದೆ. ಅದು ಬಾಯಿಗೆ ಬರುವುದಿಲ್ಲ. ‘ದ’ ನಮ್ಮ ದಕಾರವೇ, ಡಕಾರವಲ್ಲ. ಇದರಲ್ಲಿ ಇಂಗ್ಲಿಷರಿಗಿಂತ ನಮಗೆ ಅನುಕೂಲ ಹೆಚ್ಚು. ‘ರ’ ಗಂಟಲಲ್ಲಿ ಹುಟ್ಟುತ್ತದೆ. ‘ಸಾಂ’ ಎನ್ನುವಾಗ ತುಟಿ ಮುಚ್ಚಬಾರದು, ಸ್ವರವನ್ನು ಮೂಗಿನಲ್ಲಿ ಬಿಡಬೇಕು. ಬಂಗಾಳಿಗಳು ಚಂದ್ರನನ್ನು ‘ಚಾಂದ್’ ಎನ್ನುವುದನ್ನು ಕಿವಿಗೊಟ್ಟು ಕೇಳಿ. ಕಲ್ಕತ್ತೆಯಲ್ಲಿ ನಾಲ್ಕು ವರ್ಷ ಇದ್ದವರಿಗೆ ಆ ಅನುನಾಸಿಕ ಆಗಲೇ ಬಂದಿರುತ್ತದೆ.

‘ಸೀಲ್ ವು ಪ್ಲೆ’ ಎಂಬುದನ್ನು ದಯವಿಟ್ಟು ಎಂಬರ್ಥದಲ್ಲಿ ಸೇರಿಸುತ್ತಾರೆ. ಅಕ್ಷರಾರ್ಥ ‘ತಮಗೆ ಇಷ್ಟವಾದರೆ’ ಎಂದು. ‘ವು’ ಎಂದರೆ ತಾವು. ‘ನೀನು’ ಎನ್ನಲು ‘ತ್ಯು’ ಬೇರೆ ಇದೆ, ಅದನ್ನು ಸ್ನೇಹಿತರಿಗೆ, ಮಕ್ಕಳಿಗೆ ಇಟ್ಟುಕೊಳ್ಳಿ.

ಪರರಿಗೆ ಒಳ್ಳೆಯದನ್ನು ಕೋರುವ ಮಾತುಗಳು ಚಿಕ್ಕವು. ಪ್ರಯಾಣಕ್ಕೆ ‘ಬೋಂ ವ್ವಾಯಾಝ್’, ಹೊಸ ವರ್ಷಕ್ಕೆ ‘ಬೊನ್ ಅನೆ’. ‘ವೀವ್’ ಎಂದರೆ ಬಾಳಲಿ.

ಕೊನೆಗೆ ಊಟದ ಮಾತೊಂದು. ಬಡಿಸುವವರು ‘ಇನ್ನಷ್ಟು?’ ಎಂದಾಗ ‘ಮೆರ್ಸಿ’, ಅಂದರೆ ವಂದನೆ, ಎಂದಷ್ಟೇ ಹೇಳಿದರೆ ‘ಸಾಕು’ ಎಂದು ತಿಳಿದು ಪಾತ್ರೆಯನ್ನು ಒಯ್ದಾರು. ಬೇಕಾದರೆ ‘ಝ ವೊ ಬ್ಯಾಂ’, ಅಂದರೆ ಆಗಲಿ, ಎನ್ನಿ. ಗಡುಸಾದ ‘ಝ ವೊ’ ಇಲ್ಲಿ ಮೆತ್ತಗಾಗುತ್ತದೆ. ಸಂದೇಹವಿದ್ದವರು ಈಗ ಕೇಳಬಹುದು. ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ.