ಲಂಗರಿನ ಶ್ಯಾಕಲ್ ನೋಡಿ ಕೊಳ್ಳಿರಿ
(ಗ್ರಾಮಸೇವಕರ ಭಾಷಣ)



ನಾನು ಕಲಿತದ್ದು ಬೇಸಾಯದ ಡಿಪ್ಲೊಮಾ. ದೋಣಿಯ ಮಾತೆತ್ತಿದರೆ ನೀವು ನಗಬಹುದು. ಆದರೆ ನಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ದೋಣಿಯೂ ನೇಗಿಲಿನಂತೆ ಬೇಸಾಯದ ಸಾಧನವೇ ಅಲ್ಲವೆ?

ಹೋದ ವರ್ಷ ಕಗ್ಗದ ಕೊಯ್ಲಿನಲ್ಲಿ ನಡೆದುದನ್ನು ಕೇಳಿರಿ. ತೆನೆ ತುಂಬಿದ ದೋಣಿಗೆ ಲಂಗರು ಹಾಕಿ, ನಾವು ದಂಡೆಯಲ್ಲಿ ಊಟಕ್ಕೆ ಕೂತಿದ್ದೆವು. ಇಳಿತದ ಸೆಳೆತ ಜೋರಾಯಿತು. ದೋಣಿ ತೇಲಿ ಹೊರಟಿತು. ಇಬ್ಬರು ಹುಡುಗರು ಈಜಿ ಹಿಡಿಯುವಷ್ಟರಲ್ಲಿ ಅದು ಮರಳುದಿಬ್ಬಕ್ಕೆ ಒರಗಿ, ಅರ್ಧ ತೆನೆ ಉಪ್ಪುನೀರಿನ ಪಾಲಾಯಿತು. ಹಗ್ಗ ಸರಿಯಿತ್ತು, ಸರಪಳಿ ಸರಿಯಿತ್ತು. ಸರಪಳಿಯ ತುದಿಯ ಶ್ಯಾಕಲ್ ಮಾತ್ರ ಬಾಯಿ ಬಿಟ್ಟಿತ್ತು. ಲಂಗರು ತಳದಲ್ಲೇ ಉಳಿಯಿತು. ಆ ಶ್ಯಾಕಲ್ ತಂದುಕೊಟ್ಟವನು ನಾನೇ. ಬೆಲೆ ಕೇಳಿದ್ದೆ, ಗುರುತು ನೋಡಿರಲಿಲ್ಲ.

ಆಮೇಲೆ ವಿಚಾರಿಸಿ ತಿಳಿದುದನ್ನು ಹೇಳುತ್ತೇನೆ.

ಮೊದಲನೆಯದು, ಗುರುತು. ಒಳ್ಳೆಯ ಶ್ಯಾಕಲ್ ಮೈಮೇಲೆ ತಯಾರಕರ ಗುರುತೂ, ಡಬ್ಲ್ಯು.ಎಲ್.ಎಲ್. ಎಂಬ ಅಕ್ಷರಗಳೊಡನೆ ಅದು ತಡೆಯುವ ಭಾರವೂ ಅಚ್ಚಾಗಿರುತ್ತವೆ. 10 ಮಿ.ಮೀ. ದಪ್ಪದ ಉತ್ತಮ ಉಕ್ಕಿನ ಶ್ಯಾಕಲ್‌ಗೆ ಸಾಮಾನ್ಯವಾಗಿ 1 ಟನ್ ಎಂದಿರುತ್ತದೆ. ಅದು ಮುರಿಯಲು ಐದಾರು ಪಟ್ಟು ಸೆಳೆತ ಬೇಕು. ಅಂಗಡಿಯವರು ಮುರಿಯುವ ಭಾರವನ್ನೇ ಹೇಳಿದರೆ ಮೋಸಹೋಗಬೇಡಿರಿ, ಎರಡೂ ಒಂದಲ್ಲ.

ಎರಡನೆಯದು, ಪಿನ್ನು. ಕೊಳ್ಳಲು ಹೋಗುವಾಗ ಸರಪಳಿಯನ್ನೂ ಒಯ್ಯಿರಿ. ಪಿನ್ನು ಕೊನೆಯ ಕೊಂಡಿಯಲ್ಲಿ ಸಲೀಸಾಗಿ ತೂರಬೇಕು, ತಿರುಪು ಪೂರ್ತಿ ಕೂಡಬೇಕು. ಪಿನ್ನು ಕಳೆದರೆ ಸಾದಾ ಬೋಲ್ಟು ಹಾಕಬೇಡಿರಿ.

ಮೂರನೆಯದು, ಎಳೆತದ ದಿಕ್ಕು. ನೇರ ಎಳೆತಕ್ಕೆ 1 ಟನ್ ತಡೆಯುವ ಶ್ಯಾಕಲ್, ಪೂರಾ ಅಡ್ಡ ಎಳೆತಕ್ಕೆ ಅರ್ಧ ಟನ್ನಿಗಿಂತ ಹೆಚ್ಚು ತಡೆಯದು. ಭರತ ಇಳಿತಗಳಿಗೆ ದೋಣಿ ತಿರುಗುತ್ತಲೇ ಇರುತ್ತದೆ. ಆದುದರಿಂದ ಹೊಟ್ಟೆ ಅಗಲವಾದ, ಬಿಲ್ಲಿನಾಕಾರದ ಶ್ಯಾಕಲ್ ಲೇಸು. ಭಾರದಲ್ಲಿಯೂ ಒಂದು ಅಳತೆ ಹೆಚ್ಚಿನದನ್ನೇ ಆರಿಸಿರಿ.

ನಾಲ್ಕನೆಯದು, ಕಟ್ಟು. ಪಿನ್ನನ್ನು ಬಿಗಿದ ಮೇಲೆ ಅದರ ಕಣ್ಣಿಗೂ ಶ್ಯಾಕಲ್ ಮೈಗೂ ಸೇರಿಸಿ ಜಿ.ಐ. ತಂತಿ ಸುತ್ತಿರಿ, ಆಗ ತಿರುಪು ತಾನಾಗಿ ಬಿಚ್ಚದು. ಸತು ಲೇಪಿಸಿದ ಸರಪಳಿಗೆ ಸತು ಲೇಪಿಸಿದ ಶ್ಯಾಕಲ್ಲೇ ಇರಲಿ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಉಕ್ಕಿನೊಡನೆ ಬೆರೆಸಿದರೆ ಸತು ಬೇಗ ಸವೆದು ಸರಪಳಿ ತುಕ್ಕು ಹಿಡಿಯುತ್ತದೆ.

ಬಂಧುಗಳೇ, ಈ ಸಲದ ಕೊಯ್ಲಿಗೆ ಮುಂಚೆ ನಿಮ್ಮ ಲಂಗರನ್ನು ದಂಡೆಗೆ ಎಳೆದು ಒಮ್ಮೆ ನೋಡಿರಿ. ಸವೆದ, ಬಾಗಿದ, ಗುರುತಿಲ್ಲದ ಶ್ಯಾಕಲ್ಲನ್ನು ಇಂದೇ ತೆಗೆದುಹಾಕಿರಿ. ಆರು ತಿಂಗಳ ದುಡಿಮೆ ಆ ಒಂದು ಬೆರಳು ದಪ್ಪದ ಕಬ್ಬಿಣಕ್ಕೆ ನೇತುಬಿದ್ದಿರುತ್ತದೆ. ನಾನು ಕಲಿಯಲು ಅರ್ಧ ದೋಣಿ ತೆನೆ ಬೇಕಾಯಿತು. ನಿಮಗೆ ಅಷ್ಟು ಬೆಲೆ ಬೀಳದಿರಲಿ.