ಕಲ್ಲಿನ ತೇರಿಗೆ ಮರದ ಗಾಲಿ



ಹಂಪಿಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಕಲ್ಲಿನ ತೇರನ್ನು ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರಿನ ಸೀಮೆಯಲ್ಲಿ ನೋಡದವರು ಕಡಿಮೆ. ನೋಡದವರ ಜೇಬಿನಲ್ಲೂ ಅದು ಇದೆ, 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ. ಅದರ ಮಾದರಿಯೊಂದನ್ನು ಮರದಲ್ಲಿ ಮಾಡಬೇಕೆಂಬ ಆಸೆ ಶಾಲೆಯ ಮಕ್ಕಳಿಗೂ ಇರುತ್ತದೆ, ನಿವೃತ್ತರಾದ ಹಿರಿಯರಿಗೂ ಇರುತ್ತದೆ. ಪೆಟ್ಟಿಗೆಯಂಥ ಗುಡಿಯನ್ನು ಕೂಡಿಸುವುದು ಕಷ್ಟವಲ್ಲ. ಕೈ ಸೋಲುವುದು ಸಣ್ಣ ಭಾಗಗಳಲ್ಲಿ: ಗಾಲಿ, ಅಚ್ಚು, ಆನೆಯ ಸೊಂಡಿಲು, ಹೂವಿನ ಎಸಳು. ಇವತ್ತು ಅವುಗಳ ಬಗ್ಗೆಯೇ ಮಾತಾಡೋಣ.

ಆ ತೇರು ತಾನೇ ಒಂದು ಮಾದರಿ. 16ನೇ ಶತಮಾನದ ಶಿಲ್ಪಿಗಳು ಗರುಡನ ಗುಡಿಯನ್ನು ಮರದ ತೇರಿನ ರೂಪದಲ್ಲಿ ಕಟ್ಟಿದರು. ಬೇರೆ ಬೇರೆ ಬಂಡೆಗಳನ್ನು ಜೋಡಿಸಿ, ಸಂದುಗಳು ಕಾಣದಂತೆ ಕೆತ್ತನೆಯ ಗೆರೆಗಳಲ್ಲಿ ಅಡಗಿಸಿದರು. ಬೀದಿಯಲ್ಲಿ ಎಂದೂ ಉರುಳಬೇಕಿಲ್ಲದ ಗುಡಿಗೆ ಅಚ್ಚು ಕೊಟ್ಟರು, ಗಾಲಿ ಕೊಟ್ಟರು. ಆ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು, ಸವೆಯದಿರಲೆಂದು ಆಮೇಲೆ ಬಿಗಿ ಮಾಡಿದ್ದಾರೆ. ಹಾಗಾಗಿ ಮಾದರಿ ಮಾಡುವವರು ಚೈತ್ರದಲ್ಲಿ ವಿರೂಪಾಕ್ಷನ ಮರದ ತೇರನ್ನೂ ಹತ್ತಿರದಿಂದ ನೋಡಬೇಕು. ಕಲ್ಲಿನಲ್ಲಿ ಬರೀ ಗೆರೆಯಾಗಿ ಕಾಣುವುದು ಅಲ್ಲಿ ಏನು ಕೆಲಸ ಮಾಡುತ್ತದೆ ಎಂಬುದು ತಿಳಿಯುತ್ತದೆ.

ಮೊದಲು ಗಾಲಿ. 50ರ ನೋಟಿನ ಪಕ್ಕದಲ್ಲಿ ಕೋಣಾರ್ಕದ ಚಿತ್ರವಿರುವ ಹೊಸ 10 ರೂಪಾಯಿ ನೋಟನ್ನು ಇಟ್ಟು ನೋಡಿ. ಕೋಣಾರ್ಕದ ಗಾಲಿಗೆ ಅರೆಕಾಲುಗಳಿವೆ. ನಮ್ಮ ತೇರಿನದು ಗಟ್ಟಿ ಗಾಲಿ, ಮುಖದ ಮೇಲೆ ಸುತ್ತು ಸುತ್ತಾಗಿ ಹೂವಿನ ಎಸಳುಗಳು. ನಾಲ್ಕು ಗಾಲಿಗಳೂ ಒಂದೇ ಅಳತೆಗೆ ಬರಬೇಕಾದರೆ ಒಂದು ಕೋಲನ್ನು ಲೇತಿನಲ್ಲಿ ದುಂಡಗೆ ಕಡೆಸಿ, ನಡುವೆ ತೂತು ಕೊರೆಸಿ, ಆಮೇಲೆ ಸೌತೆಕಾಯಿ ಹೆಚ್ಚಿದಂತೆ ಬಿಲ್ಲೆಗಳನ್ನು ಕೊಯ್ಯಿರಿ. ಬಿಲ್ಲೆ ಮಾಡಿಕೊಂಡು ಆಮೇಲೆ ಒಂದೊಂದಕ್ಕೂ ತೂತು ಹಾಕಹೋದರೆ ನಡು ತಪ್ಪುತ್ತದೆ, ಗಾಲಿ ಸೊಟ್ಟಗೆ ಓಡುತ್ತದೆ.

ಹೀಗೆ ಕೊಯ್ಯುವುದರಿಂದ ಇನ್ನೊಂದು ಲಾಭವಿದೆ. ಮರದ ಎಳೆಗಳು ಬಿಲ್ಲೆಯ ಮುಖಕ್ಕೆ ನೆಟ್ಟಗೆ ನಿಂತಿರುತ್ತವೆ. ಉಳಿ ಯಾವ ದಿಕ್ಕಿಗೆ ತಿರುಗಿದರೂ ಮರ ಒಂದೇ ರೀತಿ ಕೊಯ್ಯಿಸಿಕೊಳ್ಳುತ್ತದೆ. ಹಲಗೆಯಿಂದ ಕತ್ತರಿಸಿದ ಬಿಲ್ಲೆಯಲ್ಲಾದರೆ ಸುತ್ತು ಕೆತ್ತುವಾಗ ಕಾಲು ಸುತ್ತಿಗೊಮ್ಮೆ ಉಳಿ ಎಳೆಗೆ ಎದುರು ಬೀಳುತ್ತದೆ, ಸಿಬಿರು ಏಳುವುದು ಅಲ್ಲೇ. ಆದರೆ ಕೋಲಿನ ನಡುವೆ ತಿರುಳು ಇರಬಾರದು. ಮರ ಒಣಗುವಾಗ ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಿನ ಗುಂಟ ಹೆಚ್ಚುಕಡಿಮೆ ಎರಡು ಪಟ್ಟು ಕುಗ್ಗುತ್ತದೆ. ತಿರುಳಿರುವ ಬಿಲ್ಲೆ ನಮ್ಮ ಕಡೆಯ ಬೇಸಿಗೆಯಲ್ಲಿ ಸೀಳದೆ ಉಳಿಯುವುದು ಕಷ್ಟ. ದಪ್ಪ ಮರದ ಪಕ್ಕದ ತುಂಡನ್ನೇ ಕೇಳಿ ತನ್ನಿ.

ಯಾವ ಮರ? ಸಾಗವಾನಿ ಬಾಗಿಲಿಗೆ ಒಳ್ಳೆಯದು. ಅದರ ರಂಧ್ರಗಳು ದೊಡ್ಡವು, ಒಂದು ಮಿಲಿಮೀಟರ್ ಅಗಲದ ಎಸಳಿನಲ್ಲಿ ಅವು ಹಲ್ಲು ಮುರಿದಂತೆ ಕಾಣುತ್ತವೆ. ಚನ್ನಪಟ್ಟಣದವರು ಬೊಂಬೆಗೆ ಬಳಸುವ ಆಲೆ ಮರ ಬಿಳಿ, ನುಣುಪು. ಸಿಕ್ಕಿದರೆ ಅದನ್ನೇ ಬಳಸಿ.

ಎಸಳು ಕೆತ್ತುವ ಮೊದಲು ಅಳತೆಯ ಲೆಕ್ಕ ಹಾಕಿ. ನಿಜದ 1 ಅಡಿ ಮಾದರಿಯಲ್ಲಿ ಅರ್ಧ ಇಂಚು ಎಂದುಕೊಂಡರೆ ಅದು 24ನೇ ಒಂದು ಪಾಲು. ಕಲ್ಲಿನಲ್ಲಿ ಒಂದಿಂಚು ಅಗಲವಿದ್ದ ಎಸಳು ಇಲ್ಲಿ ಸುಮಾರು 1 ಮಿಲಿಮೀಟರ್. ಅದಕ್ಕಿಂತ ಸಣ್ಣದನ್ನು ಉಳಿಯಿಂದ ಬಿಡಿಸಹೋಗಬೇಡಿ, ಚಾಕುವಿನ ಮೊನೆಯಿಂದ ಗೀರಿದರೆ ಸಾಕು. ದೊಡ್ಡ ಎಸಳಿಗೆ ಮೊದಲು ಅಂಚಿನ ಗುಂಟ ಚಾಕುವನ್ನು ನೆಟ್ಟಗೆ ಒತ್ತಿ ಗೆರೆ ಇಳಿಸಬೇಕು. ಆಮೇಲೆ ಹೊರಗಿನಿಂದ ಆ ಗೆರೆಯತ್ತ ಓರೆಯಾಗಿ ಚಕ್ಕೆ ತೆಗೆದರೆ ಚಕ್ಕೆ ಗೆರೆಗೆ ಬಂದು ತಾನೇ ಕಳಚುತ್ತದೆ, ಪಕ್ಕದ ಎಸಳು ಉಳಿಯುತ್ತದೆ. ಎಸಳಿನ ಎಣಿಕೆಯನ್ನು ಗಾಲಿಗೆ ನೇರವಾಗಿ ನಿಂತು ತೆಗೆದ ಫೋಟೊದಿಂದ ಪಡೆಯಿರಿ. ತೇರನ್ನು ಮುಟ್ಟಿ ಟೇಪು ಹಿಡಿಯುವುದು ಸಲ್ಲ. ಶಿಲ್ಪಿಗಳು ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ಇಡೀ ಮೂರ್ತಿಯನ್ನು ಅಳೆಯುತ್ತಾರಲ್ಲ, ಹಾಗೆ ಫೋಟೊದಲ್ಲಿ ಗಾಲಿಯ ಅಗಲವನ್ನೇ ಅಳತೆಗೋಲು ಮಾಡಿಕೊಳ್ಳಿ.

ಅಚ್ಚಿಗೆ ಬಿದಿರು. ಉಕ್ಕಿನ ತಗಡಿನಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತು ಕೊರೆದು, ಬಿದಿರಿನ ಸೀಳನ್ನು ಒಂದೊಂದರಲ್ಲೂ ಎಳೆಯುತ್ತ ಬಂದರೆ ಸೂಜಿಯಷ್ಟು ತೆಳ್ಳನೆಯ ದುಂಡು ಕಡ್ಡಿ ಸಿಗುತ್ತದೆ. ಅದರ ಎಳೆ ತುದಿಯಿಂದ ತುದಿಗೆ ಹರಿದಿರುವುದರಿಂದ ಬೇಗ ಮುರಿಯದು.

ಆನೆಯ ಸೊಂಡಿಲಿಗೂ ಇದೇ ನಿಯಮ: ಎಳೆ ಸೊಂಡಿಲಿನ ಉದ್ದಕ್ಕೆ ಹರಿಯಲಿ. ಇನ್ನೊಂದು ಮಾತು, ಈ ಆನೆಗಳನ್ನು ಆಮೇಲೆ ತಂದಿಟ್ಟದ್ದು. ಮೊದಲು ಅಲ್ಲಿದ್ದದ್ದು ಕುದುರೆಗಳು, ಅವುಗಳ ಹಿಂಗಾಲು, ಬಾಲ ಆನೆಗಳ ಹಿಂದೆ ಈಗಲೂ ಕಾಣುತ್ತವೆ. ನಾನು ಕಂಡ ಮಾದರಿಗಳಲ್ಲಿ ಇದು ಇರುವುದೇ ಇಲ್ಲ, ನನಗೆ ಅದು ದೊಡ್ಡ ಕೊರತೆ. ಮೇಲ್ಭಾಗದ ಕಥೆಯೂ ಅಷ್ಟೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ತೇರಿನ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಇಲ್ಲ. ಯಾವ ಕಾಲದ ತೇರು ಮಾಡುತ್ತೀರಿ ಎಂಬುದನ್ನು ಮರ ಕೊಯ್ಯುವ ಮೊದಲೇ ತೀರ್ಮಾನಿಸಿ. ನನ್ನ ಕೇಳಿದರೆ ಶಿಖರದ್ದೇ ಮಾಡಿ ಅನ್ನುತ್ತೇನೆ. ಇಲ್ಲದ್ದನ್ನು ಕಣ್ಣಿಗೆ ತೋರಿಸುವುದು ಮಾದರಿಗೆ ಮಾತ್ರ ಸಾಧ್ಯ.

ಕೆತ್ತಲು ಆಗದಷ್ಟು ಸಣ್ಣ ಆಭರಣಗಳಿಗೆ ಹೊಳೆಯಾಚೆಯ ಕಿನ್ನಾಳದವರು ದಾರಿ ತೋರಿಸಿದ್ದಾರೆ. ಕೊಪ್ಪಳದ ಹತ್ತಿರದ ಆ ಊರಿನ ಚಿತ್ರಗಾರರು ಹಗುರ ಮರದ ಬೊಂಬೆಗಳ ಸಂದುಗಳನ್ನು ಸೆಣಬು, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟದಿಂದ ತುಂಬುತ್ತಾರೆ. ಕಲ್ಲುಪುಡಿಗೆ ಅಂಟು ಬೆರೆಸಿ ಸರ, ಬಳೆಗಳನ್ನು ಉಬ್ಬುಗೆರೆಯಾಗಿ ಮೂಡಿಸುತ್ತಾರೆ. ಆನೆಯ ಗಂಟೆಸರಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿಯದು.

ತೇರಿನ ಅಡಿಭಾಗದಲ್ಲಿ ಹಳೆಯ ಬಣ್ಣದ ಗುರುತುಗಳು ಉಳಿದಿವೆ, ಬಗ್ಗಿ ನೋಡಿದರೆ ಕಾಣುತ್ತವೆ. ನಿಮ್ಮ ಮಾದರಿಗೂ ಅಲ್ಲಿ ಕೆಂಪು ಹಚ್ಚಬೇಕೆಂದರೆ ಸಂಡೂರಿನ ಕೆಂಪು ಅದಿರಿನ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಅಂಟಿನಲ್ಲಿ ಕಲಸಿಕೊಳ್ಳಿ, ಬಿಸಿಲಿಗೆ ಮಾಸುವುದಿಲ್ಲ. ಬಣ್ಣವನ್ನು ಕೂಡಿಸುವ ಮೊದಲೇ ಹಚ್ಚಿ, ಆದರೆ ಅಂಟು ಬೀಳುವ ಜಾಗಕ್ಕೆ ಬಣ್ಣ ತಾಗದಂತೆ ಕಾಗದ ಸುತ್ತಿರಿ. ಕೂಡಿಸುವಾಗ ಅಚ್ಚಿನ ತುದಿಗೆ ಮಾತ್ರ ಅಂಟಿನ ಒಂದು ಹನಿ, ಗಾಲಿಯ ತೂತಿಗೆ ಸ್ವಲ್ಪ ಮೇಣ. ಗಾಲಿ ಸಲೀಸಾಗಿ ತಿರುಗುತ್ತದೆ.