ಹಳೇದು ಇಳೀಲಿ
ಮೊನ್ನೆ ಭಾನುವಾರ ಪಕ್ಕದ ಮನೆಯ ಹುಡುಗ ಮೊದಲ ಸಲ ತಾನೇ ಬೈಕಿನ ಎಂಜಿನ್ ಆಯಿಲ್ ಬದಲಾಯಿಸಲು ಕೂತಿದ್ದ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದ. ಬೆಚ್ಚಗಾದ ಆಯಿಲ್ ಸಲೀಸಾಗಿ ಇಳಿಯುತ್ತದೆ. ಅಡಿಗೆ ಹಳೆ ಬೇಸಿನ್ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದ. ಕಾಡಿಗೆಯಂಥ ಕಪ್ಪು ಧಾರೆ. ಆಮೇಲೆ ತೊಟ್ಟು ತೊಟ್ಟು. ಅವಸರದಲ್ಲಿ ಹೊಸ ಡಬ್ಬಿಗೆ ಕೈ ಹಾಕಿದ. ಅವನ ಅಜ್ಜ ತಡೆದರು: "ತಡಿಯಪ್ಪಾ, ಹಳೇದು ಪೂರ್ತಿ ಇಳೀಲಿ."

ಮನಸ್ಸೂ ಹಾಗೇ ಅಲ್ಲವೇ? ನಿನ್ನೆಯ ಸಿಟ್ಟು ತಳದಲ್ಲಿ ಉಳಿದರೆ, ಮೇಲೆ ಸುರಿದ ಹೊಸ ದಿನವೂ ಕಪ್ಪಾಗುತ್ತದೆ. ಹಾಗಂತ ಅದನ್ನು ಕಂಡವರ ಮೇಲೆ ಚೆಲ್ಲುವಂತಿಲ್ಲ. ಹುಡುಗ ಹಳೆ ಆಯಿಲನ್ನು ಚರಂಡಿಗೆ ಸುರಿಯಲಿಲ್ಲ. ಡಬ್ಬಿಗೆ ತುಂಬಿ ಗ್ಯಾರೇಜಿಗೆ ಒಪ್ಪಿಸಿದ.

ಇವತ್ತು ಮನೆಯಿಂದ ಹೊರಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರೋಣ. ಹಳೇದು ಇಳೀಲಿ.